ನಗೀನಾ ಸರಾಯಿಯ ಹಸಿ ಸುಣ್ಣ

“ಇಲ್ಲೊಂದು ಸಹಿ ಮಾಡ್ರಿ ಅಕ್ಬರಿಬೀ. ಮುಂದಿಂದು ನಾವ್ ನೋಡ್ಕೋತೀವಿ.”

ಪಿಎಸ್‌ಐ ಅಜೀತ ಕಾಗದವನ್ನು ಮುಂದೆ ಹಿಡಿದರು. ಅಕ್ಬರಿ ಅದನ್ನು ತೆಗೆದುಕೊಂಡು ನಿಂತಲ್ಲೇ ಓದಿದಳು. ಶಂಶುದ್ದೀನ್ ಮೇಸ್ತ್ರಿ, ವಯಸ್ಸು ಅರವತ್ತೊಂಬತ್ತು, ಬಸವಕಲ್ಯಾಣದ ನಗೀನಾ ಸರಾಯಿಯಲ್ಲಿ ಹದಿನಾಲ್ಕು ಅಡಿ ಎತ್ತರದ ಅಟ್ಟಣಿಗೆಯ ಮೇಲೆ ಗಾರೆ ಕೆಲಸ ಮಾಡುತ್ತಿದ್ದಾಗ ಕಾಲು ಜಾರಿ ಬಿದ್ದು, ತಲೆಗೆ ಪೆಟ್ಟಾಗಿ, ಸ್ಥಳದಲ್ಲೇ ಮೃತಪಟ್ಟಿರುತ್ತಾರೆ. ಮಗಳಾದ ನನಗೆ ಯಾರ ಮೇಲೂ ಸಂಶಯವಿರುವುದಿಲ್ಲ.

ಓದಿದ ಮೇಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಅಬ್ಬಾ ಹೋದ ಗುರುವಾರದಿಂದಲೂ ಹೀಗೇ. ಮಯ್ಯತ್ ಮನೆಯಿಂದ ಹೊರಟಾಗ ಅಳು ಬರಲಿಲ್ಲ. ನಿನ್ನೆ ಮೂರನೇ ದಿನದ ಜಿಯಾರತ್ತಿನಲ್ಲಿ ಓಣಿಯ ಹೆಂಗಸರು ಬೆನ್ನು ಸವರಿ, “ಅಳು ಬೇಟಿ, ಅತ್ತರ ಎದಿ ಹಗುರಾಗ್ತದ” ಎಂದಾಗಲೂ ಬರಲಿಲ್ಲ. ಯಾರೋ ತಟ್ಟೆ ಕೊಟ್ಟರು, ಉಂಡಳು. ಏನು ಉಂಡೆ ಎಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

“ಸಾಹೇಬ್ರ, ಇದ್ರಾಗ ಒಂದು ಮಾತು ತಪ್ಪದ.”

“ವಯಸ್ಸೇನ್ರಿ?”

“ಅಟ್ಟಣಿಗಿ. ಎರಡು ವರ್ಷದ ಹಿಂದ ಅಬ್ಬಾಗ ಲಕ್ವಾ ಹೊಡದಿತ್ತು. ಎಡಗಾಲು ಎಳೀತಿದ್ರು. ಆಮ್ಯಾಲ ಮೂರು ಮೆಟ್ಲಕ್ಕಿಂತ ಮ್ಯಾಲ ಹತ್ತೇ ಇಲ್ಲ. ಎತ್ತರದ ಕೆಲಸೆಲ್ಲ ನಾ ಮಾಡೋದು, ಅವರು ಕೆಳಗ ಕುರ್ಚಿ ಹಾಕ್ಕೊಂಡು ಕುಂತು ಬೈಯೋದು.”

“ಬರೋ ಶನಿವಾರ ಉದ್ಘಾಟನಾ ಅದ. ಕೆಲಸ ಉಳದಿತ್ತು. ಗುರುವಾರ ನೀವೂ ಬಂದಿದ್ದಿಲ್ಲ. ಗಡಬಡಿಯಾಗ ಹತ್ತಿರಬೇಕು.”

“ಅವರಿಗೆ ಹತ್ತಾಕ ಬರ್ತಿದ್ದಿಲ್ಲ ಅಂತ ಹೇಳಾಕತ್ತೇನಿ.”

ಅವಳು ದನಿ ಏರಿಸಲಿಲ್ಲ. ಅಂಗಡಿಯಲ್ಲಿ ಬೆಲ್ಲ ಇಲ್ಲ ಎನ್ನುವಷ್ಟೇ ಸಪ್ಪಗೆ ಹೇಳಿದಳು. ಅಜೀತ ಪೆನ್ನಿನ ಕ್ಯಾಪು ಹಾಕಿ ಜೇಬಿಗಿಟ್ಟರು.

ಕೋಟೆಯ ಹಿಂದಿನ ಓಣಿಯಲ್ಲಿರುವ ನಗೀನಾ ಸರಾಯಿಯಲ್ಲಿ ಒಂದು ಕಾಲಕ್ಕೆ ಹೈದರಾಬಾದಿನಿಂದ ಸೋಲಾಪುರಕ್ಕೆ ಹೋಗುವ ಬಟ್ಟೆ ವ್ಯಾಪಾರಿಗಳು ತಂಗುತ್ತಿದ್ದರು. ಆಮೇಲೆ ಅದು ರೇಷನ್ ಗೋದಾಮಾಯಿತು, ಹೆಣ್ಣುಮಕ್ಕಳ ಶಾಲೆಯಾಯಿತು, ಕೊನೆಗೆ ಪಾರಿವಾಳಗಳ ಪಾಲಾಯಿತು. ಇದೇ ಊರಿನ ಐಶ್ವರ್ಯ ಹೈದರಾಬಾದಿನಲ್ಲಿ ಫ್ಯಾಷನ್ ಕಲಿತು ಬಂದು ಅದನ್ನು ಬಾಡಿಗೆಗೆ ಹಿಡಿದಿದ್ದಳು. ಚಿತ್ರಪ್ರದರ್ಶನ, ಗಾಯನ, ಉಡುಪಿನ ಪ್ರದರ್ಶನ, ಎಲ್ಲಕ್ಕೂ ಒಂದೇ ಸೂರು. ಗೋಡೆಗೆ ಒಂದು ಚಮಚ ಸಿಮೆಂಟೂ ತಾಗಬಾರದು, ಹಳೆಯ ಸುಣ್ಣದ ಗಾರೆಯಲ್ಲೇ ಆಗಬೇಕು ಎಂದು ಹಟ ಹಿಡಿದು ಶಂಶುದ್ದೀನ್ ಮೇಸ್ತ್ರಿಯನ್ನು ಕರೆತಂದವಳೂ ಅವಳೇ. ಅಪ್ಪ ಮಗಳು ಹನ್ನೊಂದು ತಿಂಗಳು ಇಲ್ಲಿ ದುಡಿದಿದ್ದರು. ಆ ಹನ್ನೊಂದು ತಿಂಗಳಲ್ಲಿ ಅಕ್ಬರಿ ಬಾರದೇ ಇದ್ದದ್ದು ಒಂದೇ ದಿನ. ಗುರುವಾರ. ಜ್ವರ ಬಂದಿತ್ತು.

ಈಗ ದೊಡ್ಡ ಹಜಾರದ ನಡುವೆ ಕಟ್ಟಿಗೆಯ ರ‍್ಯಾಂಪ್ ಮಲಗಿತ್ತು. ಗೋಡೆಯುದ್ದಕ್ಕೂ ತಲೆಯಿಲ್ಲದ ಬೊಂಬೆಗಳು ಪ್ಲಾಸ್ಟಿಕ್ ಹೊದ್ದು ನಿಂತಿದ್ದವು.

ಅಕ್ಬರಿ ಬುರ್ಖಾದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಅಟ್ಟಣಿಗೆಯ ಏಣಿ ಹತ್ತಿದಳು.

“ಏ, ಏನ್ ಮಾಡಾಕತ್ತೀರಿ? ಬೀಳ್ತೀರಿ!”

“ದಿನಾ ಹತ್ತಾಕಿನೇ ಇದ್ದೇನ್ರಿ.”

ಮೇಲೆ ಅಬ್ಬಾನ ಕರಣೆ ಬಿದ್ದಿತ್ತು. ಪಕ್ಕದಲ್ಲಿ ಸುಣ್ಣ ತುಂಬಿದ ಕಬ್ಬಿಣದ ಬುಟ್ಟಿ. ಅಜೀತರ ಪಂಚನಾಮೆಯಲ್ಲಿ ಇವೆರಡೂ ಸಾಕ್ಷಿಗಳಾಗಿ ನಮೂದಾಗಿದ್ದವು. ಅವಳು ಸುಣ್ಣದ ಮೇಲಿನ ಒಣ ಹೆಪ್ಪನ್ನು ಉಗುರಿನಿಂದ ಒಡೆದಳು. ಒಳಗಿನ ಹಸಿಯನ್ನು ಚಿಟಿಕೆಯಷ್ಟು ತೆಗೆದು ಬೆರಳ ನಡುವೆ ಉಜ್ಜಿದಳು. ಮರಳಿನಂತೆ ಹರಳು ಹರಳು. ಅದನ್ನೇ ಮುಂಗೈಗೆ ಹಚ್ಚಿಕೊಂಡು ಸುಮ್ಮನೆ ಕೂತಳು.

ಕೆಳಗೆ ಅಜೀತ ಗಡಿಯಾರ ನೋಡಿಕೊಂಡರು.

ಚರ್ಮ ಕೆಂಪಗಾಯಿತು. ಉರಿ ಅವಳಿಗೆ ಆಮೇಲೆ, ಬಹಳ ಹೊತ್ತಿನ ಮೇಲೆ, ಬೇರೆ ಯಾರದೋ ಕೈಯಿಂದ ಬಂದಂತೆ ತಿಳಿಯಿತು. ಬುರ್ಖಾದ ತೋಳಿನಿಂದ ಒರೆಸಿಕೊಂಡು ಕೆಳಗಿಳಿದಳು.

“ಇದು ಅಬ್ಬಾ ಮುಟ್ಟೋ ಸುಣ್ಣ ಅಲ್ರಿ. ಹಿತ್ತಲಕ್ಕ ಬರ್ರಿ, ತೋರಸ್ತೀನಿ.”

ಹಿತ್ತಲಲ್ಲಿ ಎರಡು ಕುಣಿಗಳಿದ್ದವು. ಒಂದರ ಮೇಲೆ ಹಸಿ ಗೋಣಿತಟ್ಟು ಹೊದಿಸಿ ಕಲ್ಲು ಹೇರಿತ್ತು. ಇನ್ನೊಂದು ಬಾಯಿ ತೆರೆದುಕೊಂಡೇ ಇತ್ತು.

“ಈ ಮುಚ್ಚಿದ್ದು ನಲವತ್ತು ದಿನ ನೆನದದ್ದು. ಬೆಣ್ಣಿ ಆಗ್ಯದ. ಗ್ವಾಡಿಗೆ ಹಚ್ಚೋದು ಇದನ್ನ. ಆ ಕುಣಿಯಾಗ ಸುಣ್ಣ ಹಾಕಿ ನೀರು ಬಿಟ್ಟಿದ್ದು ಆ ಗುರುವಾರದ ಹಿಂದಿನ ಭಾನುವಾರ. ಗುರುವಾರಕ್ಕ ನಾಲ್ಕೇ ದಿನ. ಒಳಗ ಇನ್ನಾ ಕುದೀತಿರ್ತದ. ಗ್ವಾಡಿಗೆ ಹಚ್ಚಿದ್ರ ಮರುದಿನ ಸಿಡದು ಬೀಳ್ತದ. ಅಟ್ಟಣಿಗಿ ಮ್ಯಾಲಿರೋದು ಇದೇ ಹಸಿ ಸುಣ್ಣ.”

“ತಪ್ಪಿ ತೊಗೊಂಡಿರಬಹುದು.”

“ಐವತ್ತು ವರ್ಷ ಸುಣ್ಣದಾಗ ಕೈ ಇಟ್ಟವರು ತಪ್ಪಿ ತೊಗೋತಾರೇನ್ರಿ? ಇಲ್ಲಿ ನೋಡ್ರಿ.”

ತೆರೆದ ಕುಣಿಯ ಅಂಚಿನಲ್ಲಿ, ಒಣಗಿ ಬಿರಿದ ಪದರದಲ್ಲಿ, ಐದಾರು ಕಡೆ ಬಾಚಿದ ಗುರುತುಗಳಿದ್ದವು. ಸಲಿಕೆಯದಲ್ಲ. ನಾಲ್ಕು ಬೆರಳು, ಹೆಬ್ಬೆರಳು, ಅಂಗೈ.

“ಬರಿಗೈಲೆ ಬಾಚ್ಯಾರ. ಮೇಸ್ತ್ರಿ ಆದಾವ ಕುಸುಬಿ ಎಣ್ಣಿ ಹಚ್ಚದ ಕೈ ಹಾಕಂಗಿಲ್ಲ. ನೀವ್ ಅವತ್ತ ಅಬ್ಬಾನ ಫೋಟೋ ತೆಗದೀರಲ್ಲ, ಅವರ ಕೈ ತೋರಸ್ರಿ.”

ಅಜೀತ ಮೊಬೈಲು ತೆಗೆದು ತುಸು ಹಿಂಜರಿದರು. ಅವಳು ಕೈಚಾಚಿದಳು. ಪರದೆಯ ಮೇಲೆ ಬೆರಳಿಟ್ಟು ಕೈಗಳನ್ನಷ್ಟೇ ದೊಡ್ಡದು ಮಾಡಿದಳು. ಮುಖ ಚೌಕಟ್ಟಿನಾಚೆ ಸರಿಯಿತು. ಅಂಗೈ ಸ್ವಚ್ಛವಾಗಿದ್ದವು. ಉಗುರಿನ ಸಂದಿನಲ್ಲೂ ಬಿಳಿ ಇರಲಿಲ್ಲ.

“ಬುಟ್ಟಿ ತುಂಬಿದ್ದು ಇವರಲ್ಲ,” ಎಂದು ಅಜೀತ ಮೆಲ್ಲಗೆ ಹೇಳಿದರು.

“ಅಲ್ಲ. ತುಂಬಿದವರ ಕೈ ಸುಟ್ಟಿರ್ತದ. ನಾಲ್ಕು ದಿನದಾಗ ಮಾಯಂಗಿಲ್ಲ.”

ಅಜೀತ ಸಹಿಯಿಲ್ಲದ ಕಾಗದವನ್ನು ನಾಲ್ಕು ಮಡಿಕೆ ಮಾಡಿದರು.

ಇಬ್ಬರೂ ಮತ್ತೆ ಒಳಗೆ ಬಂದರು. ಬಿದ್ದದ್ದು ಅಟ್ಟಣಿಗೆಯಿಂದಲ್ಲವೆಂದರೆ ಎಲ್ಲಿ? ಅಕ್ಬರಿ ಹಜಾರದುದ್ದಕ್ಕೂ ನೆಲ ನೋಡುತ್ತ ನಡೆದಳು. ಶಹಾಬಾದಿ ಕಲ್ಲಿನ ನೆಲ, ಎಲ್ಲ ಕಡೆ ಬೂದು ಬಣ್ಣ. ರ‍್ಯಾಂಪಿನ ಕೊನೆಯಲ್ಲಿ, ಮುಚ್ಚಿಹೋದ ಹಳೆಯ ಕಮಾನಿನ ಬುಡದಲ್ಲಿ ಮಾತ್ರ ಒಂದು ಚಾಪೆಯಗಲದಷ್ಟು ಬೆಳ್ಳಗಿತ್ತು. ಸುಣ್ಣದ ನೀರು ಸುರಿದು ತಿಕ್ಕಿದ ಬಿಳುಪು.

ಅವಳು ಮಂಡಿಯೂರಿ ಕಲ್ಲುಗಳ ಸಂದಿನಲ್ಲಿ ಹೇರ್‌ಪಿನ್ ಆಡಿಸಿದಳು. ಕಂದು ಬಣ್ಣದ ಹಕ್ಕಳೆ ಎದ್ದು ಬಂತು. ಅದನ್ನು ಅಜೀತರ ಕರವಸ್ತ್ರದ ಮೇಲೆ ಹಾಕಿದಳು. ಅದು ಏನೆಂದು ಅವಳಿಗೆ ಗೊತ್ತಿತ್ತು. ಯಾರದೆಂದೂ ಗೊತ್ತಿತ್ತು. ಕೈ ನಡುಗಲಿಲ್ಲ. ನಡುಗಬೇಕಿತ್ತಲ್ಲ ಎಂದು ಮಾತ್ರ ಅನ್ನಿಸಿತು.

“ಈ ಕಮಾನು?” ಎಂದು ಅಜೀತ ಕೇಳಿದರು.

“ಐಶ್ವರ್ಯ ಮೇಡಂ ಇದನ್ನ ತೆಗಸಬೇಕಂತಿದ್ರು. ರ‍್ಯಾಂಪು ಇದರಾಗಿಂದ ಹಾದು ಹಿತ್ತಲಕ್ಕ ಹೋಗ್ಬೇಕಂತ. ಅಬ್ಬಾ ನಾಳೆ, ನಾಡಿದ್ದು ಅಂತ ಮೂರು ವಾರ ತಳ್ಳಿದ್ರು. ಯಾಕಂತ ನನಗೂ ಹೇಳಿಲ್ಲ.”

ಮಾತಾಡುತ್ತಲೇ ಅವಳು ಗೋಡೆಯ ಮೇಲೆ ಅಂಗೈ ಓಡಿಸುತ್ತಿದ್ದಳು. ಸೊಂಟದೆತ್ತರದಲ್ಲಿ ಕೈ ನಿಂತಿತು. ಒಂದು ಕಲ್ಲಿನ ಸುತ್ತ ಗಾರೆ ಇರಲಿಲ್ಲ. ಎಳೆದಳು. ಕಲ್ಲು ಡಬ್ಬಿಯ ಮುಚ್ಚಳದಂತೆ ಹೊರಬಂತು.

ಅಜೀತ ಟಾರ್ಚು ಹಾಕಿದರು. ಒಳಗೆ ಮೊಳದಷ್ಟು ಆಳದ ಗೂಡು. ನಡುವೆ ಧೂಳಿಲ್ಲದ ಚೌಕ, ಸುತ್ತಲೂ ಬೆರಳು ದಪ್ಪ ಧೂಳು. ಚೌಕಾಕಾರದ ಏನೋ ವರ್ಷಗಟ್ಟಲೆ ಅಲ್ಲಿದ್ದು, ಈಗಷ್ಟೇ ಹೋಗಿತ್ತು.

“ಇದು ನಿಮಗ ಗೊತ್ತಿತ್ತೇನು?”

“ಇಲ್ರಿ. ಇಪ್ಪತ್ತು ವರ್ಷದಿಂದ ಅವರ ಜೋಡಿ ಕೆಲಸ ಮಾಡಾಕತ್ತೇನಿ. ಇದೊಂದು ಗೊತ್ತಿದ್ದಿಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತ ಸದ್ದಾಯಿತು. ಐಶ್ವರ್ಯ ಒಳಗೆ ಬಂದಳು. ಹೆಗಲಿಗೆ ಅಳತೆಯ ಟೇಪು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಹಿಂದೆಯೇ ಕಟ್ಟಿಗೆ ಕೆಲಸ, ದೀಪದ ಕೆಲಸ ಹಿಡಿದಿದ್ದ ಗುತ್ತಿಗೆದಾರ ತುಳಜಾರಾಮ.

“ಅಕ್ಬರಿ ಆಪಾ, ನೀವ್ಯಾಕ ಬಂದ್ರಿ? ಮನಿಯಾಗ ಇರಬೇಕಿತ್ತು,” ಎಂದ ಐಶ್ವರ್ಯ ಪಿಎಸ್‌ಐ ಕಡೆ ತಿರುಗಿದಳು. “ಸರ್, ಸಹಿ ಆತೇನ್ರಿ? ಶನಿವಾರ ಮಂದಿ ಬರ್ತಾರ. ನಾ ಕಾರ್ಯಕ್ರಮ ಮುಂದ ಹಾಕಂಗಿಲ್ಲ. ಮೇಸ್ತ್ರಿ ಚಾಚಾನ ಹೆಸರು ಬಾಗಲದಾಗ ಕಲ್ಲಿನ ಮ್ಯಾಲ ಕೆತ್ತಸೀನಿ. ಅವರಿಗೆ ನಾ ಮಾಡೋದು ಅಷ್ಟೇ ಅದ.”

“ಕೈ ತೋರಸ್ರಿ,” ಎಂದಳು ಅಕ್ಬರಿ.

“ಏನು?”

“ಎರಡೂ ಕೈ.”

ಐಶ್ವರ್ಯ ಏನೂ ಅರ್ಥವಾಗದೆ ಕೈ ಚಾಚಿದಳು. ಬಲಗೈಯ ತೋರುಬೆರಳಿಗೆ ಪಟ್ಟಿ ಸುತ್ತಿತ್ತು. ಅಕ್ಬರಿ ಕೇಳದೆಯೇ ಬಿಚ್ಚಿದಳು. ಸೂಜಿ ಚುಚ್ಚಿದ ಗಾಯ, ಸುತ್ತ ನೀಲಿ. ಉಳಿದ ಚರ್ಮ ನುಣುಪಾಗಿತ್ತು.

ತುಳಜಾರಾಮನ ಕೈ ಅವನ ಪ್ಯಾಂಟಿನ ಜೇಬಿನಲ್ಲಿದ್ದವು.

“ನನ್ನವ್ಯಾಕ? ನಾ ಸುಣ್ಣ ಮುಟ್ಟಾವಲ್ಲ. ಸಿಮೆಂಟ್ ಹಾಕ್ರಿ, ಹದಿನೈದು ದಿನದಾಗ ಮುಗೀತದ ಅಂತ ಹೇಳ್ದಾವ. ಅದಕ್ಕ ಮೇಸ್ತ್ರಿ ನನ್ನ ಮ್ಯಾಲ ಕರಣಿ ಎತ್ತಿದ್ರು. ಜಗಳಾಡೀನಿ, ಖರೆ. ಅದಕ್ಕ ಏನೀಗ?”

“ತಗೀರಿ ಕೈ,” ಎಂದರು ಅಜೀತ.

ತೆಗೆದನು. ಎಲೆಯಡಿಕೆಯ ಕೆಂಪು ಬಿಟ್ಟರೆ ಏನೂ ಇರಲಿಲ್ಲ.

“ಹಿತ್ತಲ ಬಾಗಲದ ಚಾವಿ ಯಾರ್ಯಾರ ಹತ್ರ ಅದ?” ಎಂದು ಅಜೀತ ಕೇಳಿದರು.

“ನನ್ನ ಹತ್ರ ಒಂದು, ಮೇಸ್ತ್ರಿ ಹತ್ರ ಒಂದು,” ಎಂದಳು ಐಶ್ವರ್ಯ. “ಮತ್ತ ಕಟ್ಟಡದ ಮಾಲಕರ ಹತ್ರ. ಹುಮನಾಬಾದದಾಗಿರ್ತಾರಲ್ಲ, ಗಯಾಸುದ್ದೀನ್ ಸಾಹೇಬ್ರು. ಅವರು ಮೇಸ್ತ್ರಿಗೆ ತಮ್ಮನಂಗ. ಅವರನ್ನ್ಯಾಕ—”

ಅಕ್ಬರಿ ಉಳಿದದ್ದನ್ನು ಕೇಳಲಿಲ್ಲ. ಅವಳಿಗೆ ನಿನ್ನೆಯ ಜಿಯಾರತ್ ಕಣ್ಣ ಮುಂದೆ ಬಂದಿತ್ತು. ಪರದೆಯ ಸಂದಿಯಿಂದ ಅವಳು ಗಂಡಸರ ಕಡೆ ನೋಡಿದ್ದಳು. ಫಾತಿಹಾ ಓದುವಾಗ ಎಲ್ಲರ ಕೈ ಎದೆಯ ಮಟ್ಟಕ್ಕೆ ಎದ್ದಿದ್ದವು. ಗಯಾಸುದ್ದೀನ್ ಚಾಚಾ ಮಾತ್ರ ಬೇಸಿಗೆಯ ಆ ಸೆಕೆಯಲ್ಲೂ ಶಾಲು ಹೊದ್ದು ಕೂತಿದ್ದರು. ಶಾಲಿನೊಳಗಿನ ಕೈ ಹೊರಬಂದಿರಲೇ ಇಲ್ಲ.

ಅವಳು ಕಂಡದ್ದನ್ನು ಹೇಳಿದ ಮೇಲೆ ಅಜೀತರ ಜೀಪು ಬಂಗ್ಲಾ ಕ್ರಾಸಿನಲ್ಲಿ ಹುಮನಾಬಾದಿನ ಹೆದ್ದಾರಿ ಹಿಡಿಯಿತು.  ರಾಜೇಶ್ವರ ದಾಟಿದ ಮೇಲೆ ಅಜೀತ ಕೇಳಿದರು.

“ಗಯಾಸುದ್ದೀನರು ನಿಮಗೇನಾಗ್ಬೇಕು?”

“ರಕ್ತದ ಸಂಬಂಧ ಏನಿಲ್ರಿ. ನಾ ಸಣ್ಣಾಕಿ ಇದ್ದಾಗ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಸಂತಿ ತಿರುಗಸ್ತಿದ್ರು. ಅವರಿಗೆ ಮಕ್ಕಳಿಲ್ಲ. ನಮ್ಮ ಅಮ್ಮಿ ಕರೀಮಾಬೀ ತೀರಿಕೊಂಡಾಗ ಗೋರಿಗೆ ಕಲ್ಲು ಹಾಕಿಸಿದವರು ಅವರೇ.”

“ಅಂಥವರು ಯಾಕ ಮಾಡ್ತಾರ?”

“ಅದನ್ನ ಅವರನ್ನೇ ಕೇಳೋಣ್ರಿ.”

ಹುಮನಾಬಾದಿನ ಹಳೆಯ ಓಣಿಯಲ್ಲಿ ಗಯಾಸುದ್ದೀನರ ಮನೆ. ಮುಂದೆ ಪಡಸಾಲೆ, ಅದರಲ್ಲಿ ಬೆತ್ತದ ನಾಲ್ಕು ಕುರ್ಚಿ. ಬಾಗಿಲು ತೆರೆದವರು ಅಕ್ಬರಿಯನ್ನು ಕಂಡು ಮೊದಲು ಹಿಂದೆ ಸರಿದರು. ಅವಳ ಬೆನ್ನ ಹಿಂದೆ ಖಾಕಿ ಕಂಡಮೇಲೆ ದೊಡ್ಡ ಉಸಿರು ಬಿಟ್ಟರು.

“ಆಯಿಯೇ,” ಎಂದರು. ಆಮೇಲೆ ಪಿಎಸ್‌ಐ ಕಡೆ ನೋಡಿ, “ಬರ್ರಿ, ಕುಂದರ್ರಿ,” ಎಂದರು.

ಅರವತ್ತಾರರ ವಯಸ್ಸು, ದಪ್ಪ ಮೈಕಟ್ಟು, ದಪ್ಪ ಕನ್ನಡಕ. ಮೇಲೆ ಅದೇ ಶಾಲು. ಹೆಣ್ಣಾಳು ಚಹಾ ತಂದಿಟ್ಟಳು. ಗಯಾಸುದ್ದೀನರು ಎಡಗೈಯಿಂದ ಕಪ್ಪು ಎತ್ತಿಕೊಂಡರು.

ಅಕ್ಬರಿ ಅವರೊಡನೆ ಹುಟ್ಟಿದಾಗಿನಿಂದ ಮನೆಮಾತಾದ ದಖ್ಖನಿ ಉರ್ದುವಿನಲ್ಲೇ ಮಾತಾಡಿದವಳು. ಈಗ ಪಕ್ಕದಲ್ಲಿ ಅಜೀತ ಇದ್ದರು. ಅವರಿಗೆ ತಿಳಿಯಬೇಕಿತ್ತು. ಅವಳು ಕನ್ನಡದಲ್ಲೇ ಕೇಳಿದಳು.

“ಚಾಚಾ, ಬಲಗೈ ತಗೀರಿ.”

“ನೆಗಡಿ ಆಗ್ಯದ ಬೇಟಿ, ಅದಕ್ಕ ಶಾಲು—”

“ಹಸಿ ಸುಣ್ಣ ಹಂಗೇ ಇರ್ತದ್ರಿ. ಮೊದಲ ಕೆಂಪಾಗ್ತದ, ಆಮ್ಯಾಲ ಗುಳ್ಳಿ, ಆಮ್ಯಾಲ ಚರ್ಮ ಏಳ್ತದ. ತುಪ್ಪ ಹಚ್ಚಿರೇನು? ತುಪ್ಪ ಹಚ್ಚಬಾರದು.”

 ಗಯಾಸುದ್ದೀನರು ಕಪ್ಪನ್ನು ಕೆಳಗಿಟ್ಟರು. ಶಾಲು ಸರಿಸಿ ಬಲಗೈ ಹೊರತೆಗೆದರು.

ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಕೈ ಸಿಪ್ಪೆ ಸುಲಿದಂತೆ ಕೆಂಪಗಿತ್ತು. ಬೆರಳು ಮಡಚಲು ಬರುತ್ತಿರಲಿಲ್ಲ.

ಅಜೀತ ಡೈರಿ ತೆಗೆದರು. “ಹೇಳ್ರಿ.”

“ನಾನೇ ಮಾಡಿದ್ದು. ಸುಣ್ಣ ಬಾಚಿದಾವ ನಾನು. ಅಟ್ಟಣಿಗಿ ಮ್ಯಾಲ ಬುಟ್ಟಿ, ಕರಣಿ ಇಟ್ಟಾವ ನಾನು. ಕಮಾನಿನ ಬುಡದಾಗಿಂದ ಅವನನ್ನ ತಾಡಪತ್ರಿ ಮ್ಯಾಲ ಎಳಕೊಂಡು ಬಂದು ಮಲಗಿಸಿದಾವ ನಾನು. ಆಮ್ಯಾಲ ನೆಲ ತೊಳದೆ. ಬರಕೊಳ್ರಿ.”

“ಕೊಂದದ್ದು?”

“ಅದು ನಾನಲ್ಲ.”

“ಹಂಗಾದ್ರ ಇಷ್ಟೆಲ್ಲ ಯಾಕ ಮಾಡಿದ್ರಿ?”

 ಗಯಾಸುದ್ದೀನರು ಅಕ್ಬರಿಯ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಭಯವೂ ಇರಲಿಲ್ಲ. ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದರು.

“ಬೇಟಿ, ನೀನೇ ಇವರನ್ನ ಕರಕೊಂಡು ಬರ್ತಿ ಅಂತ ನಾ ತಿಳಕೊಂಡಿದ್ದಿಲ್ಲ. ಸುಮ್ಮನ ಸಹಿ ಮಾಡಿದ್ರ ಮುಗೀತಿತ್ತಲ್ಲ? ನಾ ನಿನ್ನ ಸಲುವಾಗಿ ತಾನೇ ಮಾಡಿದ್ದು?”

“ನನ್ನ ಸಲುವಾಗಿ?”

“ಹೇಳ್ಸಬ್ಯಾಡ ನನ್ನ ಕಡಿಂದ.”

“ಹೇಳ್ರಿ ಚಾಚಾ.”

ಅವರು ಕನ್ನಡಕ ತೆಗೆದು ಎಡಗೈಯಿಂದಲೇ ಕಣ್ಣೊರೆಸಿಕೊಂಡರು.

“ಗುರುವಾರ ನಾಲ್ಕೂವರಿಗೆ ಹಿತ್ತಲ ಬಾಗಲಿಂದ ಬಂದೆ. ಶಂಶು ಫೋನ್ ಮಾಡಿ ಕರ್ದಿದ್ದ. ಏನೋ ಹೇಳೋದದ, ಜಲ್ದಿ ಬಾ ಅಂದಿದ್ದ. ನಾ ಒಳಗ ಕಾಲಿಡಾಕ, ನೀ ಹೊರಗ ಬರಾಕ. ಎದಿಗೆ ಒಂದು ತಗಡಿನ ಡಬ್ಬಿ ಅವಚಿಕೊಂಡಿದ್ದಿ. ಬುರ್ಖಾದ ತೋಳಿಗೆ ಧೂಳು ಹತ್ತಿತ್ತು. ಒಂದು ಮಾತು ಅಂದು ದಾಟಿ ಹೋದಿ. ಒಳಗ ಹೋಗಿ ನೋಡಿದ್ರ ಅವ ಕಮಾನಿನ ಬುಡದಾಗ ಬಿದ್ದಿದ್ದ. ನಾಡಿ ಹಿಡದೆ. ಇದ್ದಿದ್ದಿಲ್ಲ.”

“ನಾ ಅಲ್ಲಿಗೆ ಬಂದೇ ಇಲ್ಲ.”

“ಹಂಗೇ ಅನ್ನು. ಎಲ್ಲರ ಮುಂದ ಹಂಗೇ ಅನ್ನು.”

“ಮುಖ ನೋಡಿದ್ರೇನು?” ಎಂದು ಅಜೀತ ನಡುವೆ ಬಂದರು.

“ನಕಾಬ್ ಇತ್ತು. ಕಣ್ಣು ನೋಡಿದೆ. ಈ ಬೂದುಗಣ್ಣು ಕಲ್ಯಾಣದಾಗ ಇಬ್ಬರಿಗೇ ಇದ್ದದ್ದು ಸಾಹೇಬ್ರ. ಶಂಶುಗ, ಅವನ ಮಗಳಿಗೆ. ಮೊಳದಷ್ಟು ಹತ್ರ ಹಾದು ಹೋದಳು. ನಾ ಎತ್ತಿ ಆಡಿಸಿದ ಕೂಸನ್ನ ನನಗ ಗುರ್ತು ಹತ್ತಂಗಿಲ್ಲೇನು?”

ಅಜೀತರ ಪೆನ್ನು ಡೈರಿಯ ಮೇಲೆ ನಿಂತಿತು. ಬೆಳಗಿನಿಂದ ಜೊತೆಗೆ ತಿರುಗಿದ ಹೆಂಗಸಿನ ಕಡೆ ಅವರು ನಿಧಾನವಾಗಿ ತಿರುಗಿದರು. ದನಿ ಬದಲಾಗಿತ್ತು.

“ಅಕ್ಬರಿಬೀ, ಗುರುವಾರ ಮಧ್ಯಾಹ್ನ ನೀವ್ ಎಲ್ಲಿದ್ರಿ?”

“ಮನಿಯಾಗ. ಜ್ವರ ಇತ್ತು.”

“ಜೋಡಿ ಯಾರಿದ್ರು?”

ಅವಳು ನೆನಪು ಮಾಡಿಕೊಂಡಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಬ್ಬಾ ಬೆಳಿಗ್ಗೆ ಹೋಗುವಾಗ ತಲೆದೆಸೆಗೆ ನೀರಿಟ್ಟು ಹೋಗಿದ್ದರು. ಸಂಜೆ ಯಾರೋ ಬಾಗಿಲು ಬಡಿದು ಸುದ್ದಿ ಹೇಳುವವರೆಗೆ ಯಾರೂ ಬಂದಿರಲಿಲ್ಲ.

“ಯಾರೂ ಇಲ್ರಿ.”

“ಡಾಕ್ಟರ ಹತ್ರ?”

“ಹೋಗಿಲ್ಲ.”

ಅಜೀತ ಬರೆದುಕೊಂಡರು. ಬರೆಯುವುದು ಮುಗಿದ ಮೇಲೂ ತಲೆ ಎತ್ತಲಿಲ್ಲ.

ಹೆದರಬೇಕಾದ ಹೊತ್ತು ಇದು ಎಂದು ಅಕ್ಬರಿಗೆ ತಿಳಿಯಿತು. ಹೆದರಿಕೆ ಬರಲಿಲ್ಲ. ಎದೆಯೊಳಗೆ ಆ ಜಾಗದಲ್ಲಿ ಏನೂ ಇರಲಿಲ್ಲ. ಆದರೆ ಅಬ್ಬಾ ಕಲಿಸಿದ ಒಂದು ಚಾಳಿ ಇನ್ನೂ ಉಳಿದಿತ್ತು: ಗೋಡೆ ನೋಡಲು ಸರಿಯಾಗಿದ್ದರೂ ಒಮ್ಮೆ ಗೆಣ್ಣಿನಿಂದ ಬಡಿದು ಸದ್ದು ಕೇಳುವುದು.

“ಚಾಚಾ, ಒಂದು ಮಾತು ಅಂದಳು ಅಂದ್ರಿ. ಏನಂದಳು?”

“ಯಾಕ ಕೇಳ್ತಿ ಈಗ?”

“ಏನಂದಳು?”

ಗಯಾಸುದ್ದೀನರು ಕನ್ನಡಕ ಮತ್ತೆ ಹಾಕಿಕೊಂಡರು. “ಅಬ್ಬಾ ಮಲ್ಕೊಂಡಾರ, ಎಬ್ಬಿಸಬ್ಯಾಡ್ರಿ. ಅಷ್ಟೇ ಅಂದಿ.”



“ಹ್ಯಾಂಗ ಅಂದಳು?”

“ಹ್ಯಾಂಗ ಅಂದ್ರ? ಮೆಲ್ಲಕ. ಕೂಸು ಮಲಗಿದ ಮನಿಯಾಗ ಮಾತಾಡಿದಂಗ.”

“ಅದಲ್ಲ. ಈಗ ನೀವ್ ಹೇಳಿದ್ರಲ್ಲ, ಮಲ್ಕೊಂಡಾರ, ಎಬ್ಬಿಸಬ್ಯಾಡ್ರಿ ಅಂತ. ನೀವ್ ಇವರ ಸಲುವಾಗಿ ಕನ್ನಡಾ ಮಾಡಿ ಹೇಳಿದ್ರೋ, ಇಲ್ಲಾ ಆಕಿ ಅಂದದ್ದೇ ಹಿಂಗೋ?”

“ಆಕಿ ಅಂದದ್ದೇ…”

ಮಾತು ಅಲ್ಲಿಗೇ ತುಂಡಾಯಿತು. 

“ಕನ್ನಡದಾಗ,” ಎಂದರು ಕಡೆಗೆ. “ಕನ್ನಡದಾಗೇ ಅಂದಳು.”

“ಮೂವತ್ತೊಂಬತ್ತು ವರ್ಷದಾಗ ನಾ ನಿಮ್ಮ ಜೋಡಿ ಇವತ್ತಿನ ತನಕ ಒಂದು ಮಾತರೆ ಕನ್ನಡದಾಗ ಆಡೀನೇನು?”

ಅವರು ತಲೆ ಅಲ್ಲಾಡಿಸಿದರು. ಅವಳ ಕಣ್ಣನ್ನೇ ನೋಡುತ್ತಿದ್ದರು. ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು. 

“ಸಾಹೇಬ್ರ, ನಮ್ಮ ಅಬ್ಬಾಗ ನಾ ಒಬ್ಬಾಕಿನೇ ಮಗಳು,” ಎಂದಳು ಅಕ್ಬರಿ. “ಇಲ್ಲಿತನಕ ಹಂಗಂತ ತಿಳಕೊಂಡೀನಿ.”

ಅಜೀತ ನಂಬಿದಂತೆ ಕಾಣಲಿಲ್ಲ. “ಭಾಷೆ ಬದಲಿ ಮಾಡಿ ಮಾತಾಡೋದು ದೊಡ್ಡ ಮಾತಲ್ಲ ಅಕ್ಬರಿಬೀ. ಇದು ಕೋರ್ಟಿನಾಗ ನಿಲ್ಲಂಗಿಲ್ಲ. ಠಾಣೆಗೆ ಹೋಗೂಣು. ಇಬ್ಬರೂ ಬರ್ರಿ.”

ಅವಳು ಏಳಲು ಹೊರಟಳು. ಗಯಾಸುದ್ದೀನರು ಏಳಲಿಲ್ಲ.

“ನಿಲ್ರಿ. ನಿನ್ನೆ ಸಂಜಿ ಆರು ಗಂಟೆಕ್ಕ ನೀ ಎಲ್ಲಿದ್ದಿ ಬೇಟಿ?”

ಉತ್ತರ ಕೊಟ್ಟವರು ಅಜೀತ. “ನಿನ್ನೆ ಆರಕ್ಕ ನಾನೇ ಇವರ ಮನಿಯಾಗಿದ್ದೆ. ಸಹಿಗೆ ಬರ್ರಿ ಅಂತ ಹೇಳಾಕ ಹೋಗಿದ್ದೆ. ನಲವತ್ತು ಮಂದಿ ಹೆಂಗಸರ ನಡುವ ಕುಂತಿದ್ರು. ಯಾಕ್ರಿ?”

ಗಯಾಸುದ್ದೀನರು ಎದ್ದರು. ಬೀದಿಬಾಗಿಲ ಬಳಿ ಹೋಗಿ, ಹೊರಗೆ ಎರಡೂ ಕಡೆ ನೋಡಿ, ಎಡಗೈಯಿಂದ ಕಷ್ಟಪಟ್ಟು ಅಗಳಿ ಹಾಕಿದರು. ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಮಾತಾಡಿದರು. ಈ ಸಲ ಅಕ್ಬರಿಯನ್ನು ಬೇಟಿ ಎನ್ನಲಿಲ್ಲ.

“ಜಿಯಾರತ್ ಮುಗಿಸಿ ನಾ ಆರಕ್ಕ ಮನಿಗೆ ಬಂದಾಗ ಅದೇ ಬೂದುಗಣ್ಣಿನಾಕಿ ಇಲ್ಲೇ ಕುಂತಿದ್ದಳು. ಈಗ ನೀವ್ ಕುಂತ ಕುರ್ಚಿ ಮ್ಯಾಲೇ. ನಕಾಬ್ ತಗೀಲಿಲ್ಲ. ಅತ್ತು ಮುಖ ಊದೇದ ಅಂದಳು. ನಾ ಏನೂ ಕೇಳಲಿಲ್ಲ. ಆಕಿನೇ ಒಂದು ಕೇಳಿದಳು. ಅಮ್ಮಿ ಗೋರಿ ಯಾವ ಕಡಿ ಅದ ಅಂತ. ಕರೀಮಾಬೀ ಗೋರಿ ಅವರ ಮಗಳಿಗೆ ಗೊತ್ತಿಲ್ಲೇನು? ದುಃಖದಾಗ ಮರ್ತಾಳ ಅಂದ್ಕೊಂಡೆ.”

“ಮತ್ತ?” ಎಂದಳು ಅಕ್ಬರಿ.

“ದಾರಿ ಹೇಳಿ ಕಳಿಸೀನಿ. ಹೋಗೋವಾಗ ಬಾಗಲದಾಗ ನಿಂತು, ನಾಳೆ ಮಧ್ಯಾಹ್ನ ಅಕ್ಕನ್ನ ಆ ಗೋರಿ ಹತ್ರಾನೇ ಕಳಸ್ರಿ ಅಂದಳು. ಅಕ್ಕ ಅಂದ್ರ ಯಾರಂತ ನನಗ ನಿನ್ನೆ ತಿಳೀಲಿಲ್ಲ. ನೀನೇ ಅಂತ ಈಗ ತಿಳೀತು.”